ಗಂಡುಕೂಸಿಗೆ ಬಂದ ಪಾಲು

ಗಂಡುಕೂಸಿನ ಎದೆಯಲ್ಲಿ ಹಾಲು ಬಂದರೆ ಏನು ಮಾಡಬೇಕು? ಅಂಬಾಜಿದುರ್ಗದ ಪಕ್ಕದ ಊರಿನ ಆಂಜಿನಮ್ಮನನ್ನು ಕೇಳಿದರೆ, ಹಿಂಡಬೇಕು. ಹಿಂಡದಿದ್ದರೆ ಅದು ಒಳಗೇ ಗಟ್ಟಿಯಾಗಿ, ನಾಳೆ ಹುಡುಗ ನಾಲ್ಕು ಜನರ ಮುಂದೆ ಅಂಗಿ ಬಿಚ್ಚುವ ಹಾಗಿರುವುದಿಲ್ಲವಂತೆ.

ಅವಳ ಮಗಳು, ಬಾಣಂತಿ ತನುಜಳಿಗೆ ಕೂಸಿನ ಎದೆ ಎರಡೂ ಕಡೆ ಉಬ್ಬಿದ್ದನ್ನು ಕಂಡು ಮೊದಲು ಜೀವವೇ ಹಾರಿಹೋಗಿತ್ತು. ಚಿಂತಾಮಣಿಯ ಡಾಕ್ಟರು ನೋಡಿ ನಕ್ಕರು. ತಾಯಿಯ ಮೈಯಲ್ಲಿದ್ದ ಹಾರ್ಮೋನು ಹೊಟ್ಟೆಯಲ್ಲಿದ್ದಾಗಲೇ ಮಗುವಿಗೂ ಹೋಗಿರುತ್ತದೆ, ಗಂಡಾಗಲಿ ಹೆಣ್ಣಾಗಲಿ ಹನಿ ಹಾಲು ಬರುವುದುಂಟು, ತಾನಾಗಿ ಇಳಿಯುತ್ತದೆ, ಹಿಂಡಿದರೆ ಮಾತ್ರ ಕೀವಾದೀತು ಎಂದರು. ಆಂಜಿನಮ್ಮನಿಗೆ ಇದೆಲ್ಲ ಕೋಣನ ಮುಂದೆ ಕಿನ್ನರಿ. ಅವಳು ಹರಳೆಣ್ಣೆ ಬಿಸಿಗಿಟ್ಟಳು. ತನುಜ ಕೂಸನ್ನು ಬಿಡಲಿಲ್ಲ.

ಮಗಳು ಹೆದರುವುದು ಒಬ್ಬರಿಗೇ, ಗಂಡನ ಅಣ್ಣ ವೆಂಕಟರಾಯಪ್ಪನಿಗೆ. ಅವನು ಹೇಳಿದರಾದರೂ ಕೂಸನ್ನು ಬಿಟ್ಟಾಳೆಂದು ಆಂಜಿನಮ್ಮ ಶಿಡ್ಲಘಟ್ಟಕ್ಕೆ ಫೋನು ಹಚ್ಚಿ, ಮನೆಮಾತು ತೆಲುಗಿನಲ್ಲೇ ಕಿರುಚಿದಳು: "ಪಿಲ್ಲೋನಿಕಿ ಪಾಲೊಚ್ಚೆ! ಬಿರೀನ ರಾ ನಾಯನಾ!" ಹುಡುಗನಿಗೆ ಪಾಲು ಬಂತು, ಬೇಗ ಬಾರಪ್ಪ ಎಂದು.

ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು, ಆಸ್ತಿಯ ಪಾಲೂ ಹೌದು. ಹಿಪ್ಪುನೇರಳೆ ತೋಟದಲ್ಲಿ ತಮ್ಮ, ಅಂದರೆ ತನುಜಳ ಗಂಡ ಮುನೇಶನಿಗೆ ಪಾಲು ಕೊಡದೆ ವರ್ಷಗಟ್ಟಲೆ ದಿನ ತಳ್ಳುತ್ತಿದ್ದ ಮನುಷ್ಯನಿಗೆ ಹಾಲು ಯಾಕೆ ನೆನಪಾದೀತು? ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜನ್ನು ಅರ್ಧಕ್ಕೇ ಬಿಟ್ಟು, ಬೈಕ್ ಹತ್ತಿ ಬಂದುಬಿಟ್ಟ. ಅವನ ಗಂಟಲಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

"ನಾನು ಬದುಕಿರೋವಾಗ್ಲೇ ಈ ಕೂಸಿಗೆ ಪಾಲು ಹೆಂಗಮ್ಮ ಬಂತು?"

"ತಾಯಿಯಿಂದ ಬಂದಿರೋದಂತೆ ಭಾವ," ತನುಜ ಅಳುತ್ತಲೇ ಹೇಳಿದಳು.

"ಎಷ್ಟು ಬಂದೈತೆ?"

"ಸ್ವಲ್ಪಾನೇ. ಎರಡು ಕಡೇನೂ."

"ಎರಡು ಕಡೇನೂನಾ! ತೋಟಾನೂ, ಸೈಟೂನಾ?"

"ಯಾರೂ ಕೈ ಹಾಕ್ಬಾರ್ದಂತೆ ಭಾವ. ಡಾಕ್ಟರು ಹೇಳವ್ರೆ."

"ನಮ್ಮನೆ ವಿಷ್ಯ ಡಾಕ್ಟರವರೆಗೂ ಹೋಗೈತಾ!"

ಇದೇ ಸಮಯ ಎಂದು ಆಂಜಿನಮ್ಮ ಕೂಸನ್ನು ಕಸಿದುಕೊಂಡು ಮಡಿಲಿಗೆ ಹಾಕಿಕೊಂಡು ಬಟ್ಟೆ ಸರಿಸಿದಳು. ಪುಟ್ಟ ಎದೆಯ ಮೇಲೆ ಒಂದು ಬಿಳಿ ಹನಿ. ವೆಂಕಟರಾಯಪ್ಪ ನೋಡಿದ, ಇನ್ನೊಮ್ಮೆ ಬಗ್ಗಿ ನೋಡಿದ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು.

"ಕಾಲು ಹಿಡ್ಕೋ ನಾಯನಾ, ಹಿಂಡ್ಬಿಡ್ತೀನಿ," ಎಂದಳು ಆಂಜಿನಮ್ಮ.

"ಬೇಡ ಭಾವ, ಕೀವಾಗುತ್ತೆ. ನಿಮ್ಮ ದಮ್ಮಯ್ಯ," ತನುಜ ಕೈಮುಗಿದಳು.

ಅಷ್ಟು ದೂರದಿಂದ ಹೊತ್ತು ತಂದ ಕೋಪವನ್ನು ಎಲ್ಲಾದರೂ ಇಳಿಸಬೇಕಿತ್ತಲ್ಲ. ವೆಂಕಟರಾಯಪ್ಪ ಆಂಜಿನಮ್ಮನ ಮಡಿಲಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡು ಗುಡುಗಿದ:

"ಮುಟ್ಟಿದ್ರೆ ನೋಡಿ! ಇದು ನನ್ನ ತಮ್ಮನ ಮಗನ ಪಾಲು. ಅವನದನ್ನ ಅವನಿಂದ ಕಿತ್ಕೊಳ್ಳೋಕೆ ಯಾರಿಗೂ ಹಕ್ಕಿಲ್ಲ!"

ತಾನಾಡಿದ ಮಾತು ಅವನ ಕಿವಿಗೂ ಆಗಲೇ ಬಿತ್ತು. ತನುಜ ಕಣ್ಣೊರೆಸಿಕೊಂಡು ಕೂಸನ್ನು ಇಸಿದುಕೊಂಡಳು. ಅವಳಿಗೆ ಹೋದ ಜೀವ ಬಂದಂತಾಗಿತ್ತು. ಆಮೇಲೆ ಬಾಗಿಲ ಕಡೆ ತಿರುಗಿ, ಮೆಲ್ಲಗೆ ಕೇಳಿದಳು:

"ಭಾವ ಹೇಳಿದ್ದು ಎಲ್ಲಾರಿಗೂ ಕೇಳಿಸ್ತು ತಾನೇ?"