ಮೂರೆಣಿಸಿ ಬಿಡುವ ಕೈ

ಬೆವರಿನ ಅಂಗೈ, ಉಂಗುರ ನಾಲ್ಕು, ಒಂದು ಕೈಕುಲುಕಿನಿಂದ ಸುಧಾರಿಸಿಕೊಳ್ಳಲು ಕತ್ತಲೆ ಕೋಣೆಯಲ್ಲಿ ಹತ್ತು ನಿಮಿಷ ಎಂಬುದು ನಗರಸಭೆಗೆ ನಿಂತ ಮೀಟರಕ್ಕನ ಲೆಕ್ಕ, ಪ್ರಚಾರದ ಒಂದು ದಿನಕ್ಕೆ ಎಂಬತ್ತು ಕೈ, ಅಷ್ಟು ಕತ್ತಲೆಯನ್ನು ಯಾವ ರಾತ್ರಿಯೂ ಕೊಡಲಿಲ್ಲ, ಆದರೂ ಕಲಿತಳು, ಅಣ್ಣ ಮೊದಲ ದಿನವೇ ಹೇಳಿದ್ದ, ರಾಜಕೀಯದಲ್ಲಿ ಎಲ್ರೂ ಕೈ ಕೊಡ್ತಾರೆ ಕಣೇ, ತಯಾರಾಗಿರು, ಅವಳು ಕನ್ನಡಿಯ ಮುಂದೆ ನಿಂತು ತಯಾರಾದಳು, ಬಲಗೈ ಚಾಚು, ಹಿಡಿ, ಮೂರೆಣಿಸು, ಬಿಡು, ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ಅಯ್ಯೋ ಮಹರಾಯ್ತಿ, ಮೋಸ ಮಾಡ್ತಾರೆ ಅಂದೆ, ಆಮೇಲೆ ಕಣ್ಣೊರೆಸಿಕೊಂಡು, ಇರ್ಲಿ ಬಿಡು, ಇದೂ ಬೇಕಾಗತ್ತೆ — ಈಗ ಒಂದು, ಎರಡು, ಮೂರು, ಎದುರಾಳಿ ಗುತ್ತಿಗೆದಾರ ಬಿಡುತ್ತಿಲ್ಲ, ಇದು ಎಣಿಕೆ ಅಧಿಕಾರಿಯ ಹೊಸ್ತಿಲು, ಒಳಗೆ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾನೆ, ಸಹಿ ಬಿದ್ದರೆ ಗುತ್ತಿಗೆದಾರ ಏಳು ಮತದಿಂದ ನಗರಸಭೆಯ ಸದಸ್ಯ, ಅವಳ ಎಡಗೈಯಲ್ಲಿ ಮರುಎಣಿಕೆಯ ಅರ್ಜಿ, ಮೂಲೆ ಹರಿದ, ಐವತ್ತು ಮತಪತ್ರಗಳ ಕಟ್ಟೊಂದು ಅವನ ಲೆಕ್ಕಕ್ಕೆ ಎರಡು ಸಲ ಸೇರಿದ್ದನ್ನು ಅವಳೊಬ್ಬಳೇ ಕಂಡಿದ್ದಳು, ಹದಿನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ ಕಣ್ಣು — ಕೈ ಕೊಡಮ್ಮ, ಸೋತೋರೂ ನಮ್ಮೋರೇ ಅಂದ, ಕೊಟ್ಟಳು, ಚಾಚಿದ ಕೈಯನ್ನು ಹಿಡಿಯಬೇಕು ಎಂಬುದು ಪಾಠ, ಬಿಡದಿದ್ದರೆ ಏನು ಎಂಬುದು ಪಾಠದಲ್ಲಿರಲಿಲ್ಲ. ಸಾರ್, ಮೂರಾಯ್ತು, ಬಿಡಿ. ಅವನ ಹಿಂದೆ ಅವನ ಹುಡುಗರ ನಗು, ಆಟಿಸಂ ಅಂತೆ ಇವ್ಳಿಗೆ, ಎದುರಿಗಿರೋರ ಮುಖ ನೋಡಕ್ಕೇ ಬರಲ್ಲ, ಊರು ನೋಡ್ಕೋತಾಳಂತೆ, ಹಿಡಿತ ಮಣಿಕಟ್ಟಿಗೆ ಜಾರಿತು, ಅವಳ ಬೆರಳುಗಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದ, ಹಾಕೋ ಬಾಗ್ಲು ಅಂದ, ಕಬ್ಬಿಣದ ಬಾಗಿಲು ಬಂತು, ಲಟಕ್, ಮತ್ತೆ ತೆರೆದು ಬಂತು, ಲಟಕ್, ನೋವು ಇನ್ನೂ ಬಂದಿಲ್ಲ, ಸದ್ದು ಮಾತ್ರ ಹಲ್ಲಿನ ಬೇರಿನವರೆಗೆ, ಅವನ ಮುಂಗೈ ಬಾಯಿಗೆ ಹತ್ತಿರವಿತ್ತು, ಕಚ್ಚಿದಳು, ನರ ಸಿಗುವತನಕ, ಉಪ್ಪು, ಕೂದಲು, ಬಿಸಿ, ಒಂದು, ಎರಡು, ಮೂರು, ಬಿಟ್ಟಳು.

ಅವನು ಅರಚುತ್ತ ಕುಸಿದ, ಅವಳು ಅವನ ಎದೆ ತುಳಿದೇ ಒಳಗೆ ಹೋದಳು, ದಾರಿ ಅಷ್ಟೇ ಇತ್ತು, ಮರುಎಣಿಕೆ ಸಾರ್, ಸಹಿ ಹಾಕಮ್ಮ, ಬಲಗೈ ಬರಲ್ಲ, ಹೆಬ್ಬೆಟ್ಟು ಆಗತ್ತಾ, ಅಧಿಕಾರಿ ಮಸಿಯ ಪ್ಯಾಡಿಗೆ ತಡಕಾಡಿದ, ಅದು ಬೇಕಾಗಲಿಲ್ಲ, ಎಡ ಹೆಬ್ಬೆಟ್ಟಿಗೆ ಬಲಗೈಯ ರಕ್ತ ಸಾಕಾಯಿತು. ಮರುಎಣಿಕೆಯಲ್ಲಿ ಅವನ ಐವತ್ತು ಕಳೆಯಿತು, ನಲವತ್ತಮೂರರಿಂದ ಗೆದ್ದೆ ಕಣೇ, ಅಣ್ಣ ಅಳುತ್ತಾನೆ, ಟವೆಲು ಸುತ್ತುತ್ತಾನೆ, ಆಸ್ಪತ್ರೆಗೆ ನಡಿ, ಅವಳು ನಡೆಯುವುದಿಲ್ಲ, ಕಣ್ಣು ಹೊಸ್ತಿಲ ಮೇಲೆ, ಅಲ್ಲಿ ಬುಡಸಮೇತ ಕಿತ್ತುಬಂದ ಅವಳದೇ ಉಗುರು, ಪೊಲೀಸಿನ ಬೂಟು ಅದನ್ನು ದಾಟುತ್ತದೆ, ಉಗುರು, ಯಾರೋ ಹಾರ ತರುತ್ತಾರೆ, ಉಗುರು — ದಕ್ಕಿದ್ದು ಐದು ವರ್ಷದ ಕುರ್ಚಿ, ಹೋದದ್ದು ಎರಡು ಬೆರಳು, ಹೊಸ್ತಿಲ ಮೇಲೆ ಉಗುರು.