ನಕ್ಷೆಯಲ್ಲಿ ಇಲ್ಲದ ಮೂಲೆ

ಮಗಳು ಮನೆಗೆ ಬರುವುದೋ, ಇನ್ನೂ ಮೂರು ತಿಂಗಳು ಚಿಕಿತ್ಸಾ ಕೇಂದ್ರದಲ್ಲೇ ಉಳಿಯುವುದೋ ಅಂದು ತೀರ್ಮಾನವಾಗಬೇಕಿತ್ತು. ಹದಿನಾರರ ಹುಡುಗಿ. ಅಂಟು ಮೂಸುವ ಚಟಕ್ಕೆ ಬಿದ್ದು, ಗೆಳತಿಯರೊಂದಿಗೆ ಫೋನ್ ಕದ್ದು ಸಿಕ್ಕಿಬಿದ್ದಿದ್ದಳು. ನ್ಯಾಯಾಲಯ ಶಿಕ್ಷೆಯ ಬದಲು ಚಿಕಿತ್ಸೆ ಎಂದಿತ್ತು. ಮನೆಯವರೂ ವಾರಕ್ಕೊಮ್ಮೆ ಬಂದು ಕೂರಬೇಕು ಎಂದಿತ್ತು.

ತಾಯಿಯ ಜೊತೆ ಗಂಡ ಬರಲಿಲ್ಲ. "ಮೂಸಿದ್ದು ನಾನಾ?" ಎಂದು ಗೋಡೆಯ ಕಡೆ ಹೊರಳಿದ್ದ. ಅತ್ತೆ ಬಂದಿದ್ದರು. ಪಕ್ಕದಲ್ಲಿ ಅತ್ತೆ ಇದ್ದರೂ ತಾಯಿಗೆ ಖಾಲಿ ಬಸ್ಸಿನಲ್ಲಿ ಒಬ್ಬಳೇ ಕೂತಂತಿತ್ತು.

"ಪಕ್ಕದ್ಮನೆ ಹುಡುಗೀರು ಕೆಡಿಸಿದ್ರು ಮೇಡಂ. ನಮ್ಮ ಕೂಸು ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ," ಎಂದರು ಅತ್ತೆ, ಕೇಂದ್ರದ ಸಲಹೆಗಾರ್ತಿಗೆ.

"ಅಜ್ಜಿ, ನಿನ್ನ ಕೈ ಕಚ್ಚಿದ್ದು ಮರ್ತೋಯ್ತಾ?" ಎಂದಳು ಎದುರಿಗೆ ಕೂತಿದ್ದ ಮಗಳು.

"ಅದು ಹಲ್ಲು ಬರೋವಾಗ ಕಣೇ!"

ಸಲಹೆಗಾರ್ತಿ ನಕ್ಕು, ತಾಯಿಗೂ ಮಗಳಿಗೂ ಒಂದೊಂದು ಹಾಳೆ ಕೊಟ್ಟರು. "ನಿಮ್ಮ ಮನೆ ಚಿತ್ರ ಬರೀರಿ. ಯಾರು ಎಲ್ಲಿ ಕೂರ್ತೀರಿ ಅಂತ ಗುರುತು ಹಾಕಿ."

ತಾಯಿ ಅಚ್ಚುಕಟ್ಟಾಗಿ ಬರೆದಳು: ಮಂಚ, ಒಲೆ, ಕಿಟಕಿ, ಬಟ್ಟೆ ನೇತುಹಾಕುವ ಮೊಳೆ ಕೂಡ. ಮಗಳ ಹಾಳೆಯಲ್ಲಿ ಇದ್ದದ್ದು ಎರಡೇ: ಗೋಡೆಗೆ ಮುಖಮಾಡಿ ಕೂತ ಹೆಂಗಸಿನ ಬೆನ್ನು, ಪಕ್ಕದಲ್ಲೊಂದು ಡಬ್ಬಿ.

ಸಲಹೆಗಾರ್ತಿ ಎರಡೂ ಹಾಳೆಗಳನ್ನು ಜೋಡಿಸಿಟ್ಟರು. "ಈ ಮೂಲೆ ನಿಮ್ಮ ಚಿತ್ರದಲ್ಲಿ ಎಲ್ಲಮ್ಮಾ?"

ತಾಯಿ ತನ್ನ ಹಾಳೆಯ ಮೇಲೆ ಬೆರಳಾಡಿಸಿ ಹುಡುಕಿದಳು. ಅವಳದು ಮನೆಯಲ್ಲೇ ಕೂತು ಚಪ್ಪಲಿಯ ಅಟ್ಟೆ ಅಂಟಿಸುವ ಕೆಲಸ. ದಿನಕ್ಕೆ ಹತ್ತು ಗಂಟೆ ಕೂರುವ ಮೂಲೆಯನ್ನೇ ಚಿತ್ರ ಬರೆದ ಕೈ ದಾಟಿಹೋಗಿತ್ತು. ಅಂಟಿನ ಡಬ್ಬಿ ಬೇಗ ಬೇಗ ತಳ ಕಾಣತೊಡಗಿದಾಗ ಅವಳೇ ಅಂಟು ತೆಳುಮಾಡುವ ತಿನ್ನರ್ ಸುರಿದು ಸರಿದೂಗಿಸಿದ್ದಳು. ಬೆನ್ನ ಹಿಂದೆ ಮಗಳ ಹೆಜ್ಜೆ ಸಪ್ಪಳ ಕೇಳಿದರೂ ತಿರುಗಿರಲಿಲ್ಲ. ತಿರುಗಿದರೆ ಕೇಳಬೇಕಾಗುತ್ತದೆ, ಕೇಳಿದರೆ ಉತ್ತರ ಬಂದುಬಿಡುತ್ತದೆ.

ಹೇಳಿದರೆ ಮಗಳನ್ನು ಆ ಮನೆಗೆ ಕಳಿಸುವುದಿಲ್ಲ. ಸುಮ್ಮನಿದ್ದರೆ ನಾಳೆಯೇ ಕಳಿಸಬಹುದು. ಅತ್ತೆ ಮೇಜಿನ ಕೆಳಗೆ ಅವಳ ತೊಡೆ ಚಿವುಟಿದರು.

"ನಂಗೆ ಗೊತ್ತಿತ್ತು ಮೇಡಂ," ಎಂದಳು ತಾಯಿ. "ಅವ್ಳು ಮೂಸ್ತಿದ್ದದ್ದು ನನ್ನ ಡಬ್ಬೀದೇ. ಗೊತ್ತಿದ್ದೂ ಸುಮ್ಮನಿದ್ದೆ."

"ಅಯ್ಯೋ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಎಂದರು ಅತ್ತೆ.

ಸಲಹೆಗಾರ್ತಿ ಬರೆದುಕೊಂಡರು. ಡಬ್ಬಿ, ಕೆಲಸ ಎರಡೂ ಮನೆಯಿಂದ ಹೊರಹೋಗುವವರೆಗೆ ಹುಡುಗಿ ಇಲ್ಲೇ ಇರಬೇಕು ಎಂದರು. ಗದರಲಿಲ್ಲ. ಗದರಿದ್ದರೆ ಹಗುರಾಗುತ್ತಿತ್ತೇನೋ.

ಮಗಳು ಉಗುರು ಕಚ್ಚುತ್ತಾ ಕೂತಿದ್ದಳು. ಅಷ್ಟು ದಿನಗಳಲ್ಲಿ ಮೊದಲ ಸಲ ತಾಯಿಯ ಮುಖವನ್ನು ನೇರವಾಗಿ ನೋಡಿದಳು.

"ಅವತ್ತೇ ಬೈಬಹುದಿತ್ತಲ್ವಾ ಅಮ್ಮಾ? ನಾ ಕಾಯ್ತಿದ್ದೆ."

ತಾಯಿ ಹೌದೆಂದು ತಲೆಯಾಡಿಸಿದಳು.

"ಮುಂದಿನ ವಾರ ಬರ್ತೀಯಾ?"

"ಬರ್ತೀನಿ ಕಣೇ."

"ಅಜ್ಜೀನ ಬಿಟ್ಟು ಬಾ," ಎಂದು ಮಗಳು ಎದ್ದು, ಚಪ್ಪಲಿ ಎಳೆಯುತ್ತಾ ಒಳಗೆ ಹೋದಳು.