ಕರಿ ಸಾಧು ಕೆಳಗಿಟ್ಟ ತಂಬಿಗೆ

ಏಳು ಕಡಲಿನ ಆಚೆ ಒಂದು ಊರು. ಎಷ್ಟೋ ಸುಗ್ಗಿಗಳ ಹಿಂದೆ ಆ ಊರಿನಿಂದ ಒಬ್ಬ ಕರಿ ಸಾಧು ನಾಗಣಸೂರಿಗೆ ಬಂದ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ. ಮೈಬಣ್ಣವೋ, ಬೀರೋಬ ದೇವರಿಗೆ ಹೊದಿಸುವ ಕಂಬಳಿಯದೇ. ಕುರಿ ಸಾಕುವ ಮನೆಯವರು ಅವನನ್ನು ಕಂಬಳಿ ಹಾಸಿ ಕೂಡಿಸಿ, ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟರು. ಸಾಧು ತಂಬಿಗೆಯನ್ನು ತುಟಿಯವರೆಗೆ ಒಯ್ದ. ಒಯ್ದವನು ಹಾಗೇ ಕೆಳಗಿಟ್ಟುಬಿಟ್ಟ.

"ಯಾಕ ಇಟ್ಟ, ಆಯಿ?" ಪುಟ್ಟ ಶುಭಾಂಗಿ ಪ್ರತಿ ಸಲವೂ ಕೇಳುತ್ತಿದ್ದಳು.

"ಅದು ಅವಂಗ ಗೊತ್ತು."

"ಆಮ್ಯಾಲ ಕುಡದನೇನು?"

"ಇನ್ನೂ ಇಲ್ಲ. ನೀ ರೊಟ್ಟಿ ತಿನ್ನು."

ಅಜ್ಜಿ ಸುಗಲಾಬಾಯಿಯ ಉಳಿದ ಕಥೆಗಳಲ್ಲಿ ರಾಕ್ಷಸ ಸಾಯುತ್ತಿದ್ದ, ರಾಜಕುಮಾರಿಯ ಮದುವೆ ಆಗುತ್ತಿತ್ತು. ಇದೊಂದು ಮಾತ್ರ ಬಾಯಿ ತೆರೆದುಕೊಂಡೇ ಉಳಿಯಿತು. ಮರಾಠಿ ಸಾಲಿಯಲ್ಲಿ ಮಗ್ಗಿ ಹೇಳುವಾಗಲೂ ಶುಭಾಂಗಿಗೆ ಅದೇ ಯೋಚನೆ: ಆ ಸಾಧು ಈಗ ಎಲ್ಲಿ ನೀರಡಿಸಿ ಕೂತಿರಬಹುದು? ಮನೆಯ ದೇವರ ಜಗಲಿಯ ಮೇಲೆ ಬೀರೋಬ, ಮೈಲಾರರ ನಡುವೆ ಒಂದು ತಂಬಿಗೆ ಇತ್ತು. ಭಾನುವಾರಕ್ಕೊಮ್ಮೆ ಅದಕ್ಕೆ ಭಂಡಾರ ಹಚ್ಚುತ್ತಿದ್ದರು. ಆ ಅರಿಸಿನದ ಪುಡಿ ವರ್ಷ ವರ್ಷ ಗಟ್ಟಿಯಾಗಿ, ಒಳಗಿನ ತಾಮ್ರವೇ ಕಾಣದಂತಾಗಿತ್ತು. ಅದೂ ಒಂದು ದೇವರು ಎಂದೇ ಅವಳು ಕೈಮುಗಿಯುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತನಾಲ್ಕು. ಸೊಲ್ಲಾಪುರದ ನವಿ ಪೇಠಿನ ಸೀರೆ ಅಂಗಡಿಯಲ್ಲಿ ಕೆಲಸ. ಅಂಗಡಿಗೆ ಸುಟಿ ಇದ್ದ ಒಂದು ಸೋಮವಾರ, ಅಜ್ಜಿಯ ಟ್ರಂಕಿನಲ್ಲಿ ಆಧಾರ್ ಕಾರ್ಡು ಹುಡುಕುವಾಗ ಒಂದು ಹಳದಿ ಬಿದ್ದ ಚೀಟಿ ಸಿಕ್ಕಿತು. ಒಂದು ಮಗ್ಗುಲಲ್ಲಿ ಶಿಲುಬೆ, ಇಂಗ್ಲಿಷಿನಲ್ಲಿ ಹೆಸರು, ವಿಳಾಸ: ರೆವರೆಂಡ್ ಎಜ್ರಾ ಟಾಲಿವರ್, ಅಲಬಾಮಾ. ಹಿಂದೆ ಯಾರೋ ಕನ್ನಡದಲ್ಲಿ ಬರೆದಿದ್ದರು: 'ಧರೆಪ್ಪ ಈ ತಂಬಿಗೆಯಿಂದ ನೀರು ಕುಡಿದ ದಿನ ನನಗೆ ತಿಳಿಸಬೇಕು.' ಅದರ ಕೆಳಗೆ, 'ತಿಳಿಸುತ್ತೇನೆ.' ಪಕ್ಕದಲ್ಲಿ ಒಂದು ಸಣ್ಣ ಹೆಬ್ಬೆಟ್ಟು.

ಶುಭಾಂಗಿ ಆ ಹೆಸರನ್ನು ಮೊಬೈಲಿನಲ್ಲಿ ಹೊಡೆದಳು. ಕರಿ ಮೈಬಣ್ಣದ, ಬೆಳ್ಳಿ ಹುಬ್ಬಿನ ಮುದುಕರೊಬ್ಬರ ಫೋಟೋ ಬಂತು. ಚರ್ಚಿನ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ನಗುತ್ತಿದ್ದರು. ಸಾಧು ಖರೇ ಇದ್ದ! ಕೆಳಗಿನದನ್ನು ಮರಾಠಿಗೆ ತಿರುಗಿಸಿ ಓದಿದಳು. ಕರಿಯರೂ ಬಿಳಿಯರೂ ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂಡಬೇಕು, ಒಂದೇ ನಳದ ನೀರು ಕುಡಿಯಬೇಕು ಎಂದು ಹರೆಯದಿಂದ ಹೋರಾಡಿದವರು, ಹನ್ನೊಂದು ಸಲ ಜೈಲು ಕಂಡವರು. ಹೋದ ತಿಂಗಳು ತೀರಿಕೊಂಡಿದ್ದರು. ಅವರನ್ನು ಬಲ್ಲವರು ನೆನಪು ಬರೆದು ಕಳಿಸಲಿ, ಬರುವ ಭಾನುವಾರ ಚರ್ಚಿನಲ್ಲಿ ಓದುತ್ತೇವೆ ಎಂದಿತ್ತು.

ಅಜ್ಜಿ ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿ ನೋಡಿದಳು.

"ಮುದುಕ ಆಗ್ಯಾನಲ್ಲ," ಎಂದಳು. ಶುಭಾಂಗಿ ಸಾವಿನ ಸುದ್ದಿ ಹೇಳಿದಾಗ, "ಹೋದನೇನು? ನಾ ಏನೂ ತಿಳಿಸಲೇ ಇಲ್ಲಲ್ಲಬೇ."

ಆಗ ಕಥೆ ಬಾಯಿ ಮುಚ್ಚಿ, ನಡೆದದ್ದು ಹೊರಗೆ ಬಂತು. ಸುಗಲಾಬಾಯಿ ಆಗ ಹದಿನೈದರ ಹೊಸ ಸೊಸೆ. ಪಾದ್ರಿಯ ಚೀಲ ಹೊತ್ತು ಬಂದವನು ಹೊರಗೇರಿಯ ಹುಡುಗ ಧರೆಪ್ಪ. ಪಾದ್ರಿ ತನ್ನ ದೇಶದ ಸುದ್ದಿ ಹೇಳಿದ, ಸೊಲ್ಲಾಪುರದವರೊಬ್ಬರು ಅದನ್ನು ಕನ್ನಡಕ್ಕೆ ತಿರುಗಿಸಿದರು. ಅಲ್ಲಿ ಅವನಪ್ಪನಿಗೆ ಬಿಳಿಯರ ನಳ ಮುಟ್ಟಗೊಡುತ್ತಿರಲಿಲ್ಲವಂತೆ.

"ಎಂಥಾ ಪಾಪಿ ಮಂದಿ ಅಂತ ನಮ್ಮತ್ತಿ ಅತ್ತೇ ಬಿಟ್ಟಳು. ಅದ ಹೊತ್ತಿಗಿ ನಾ ಮೆಟ್ಟಲದಾಗ ನಿಂತು ಧರೆಪ್ಪನ ಬೊಗಸಿಗಿ ಮ್ಯಾಲಿಂದ ನೀರು ಹಾಕಾಕತ್ತಿದ್ದೆ. ತಂಬಿಗಿ ಅವಂಗ ಬಡೀಬಾರದಂತ. ಪಾದ್ರಿ ಅದನ್ನ ನೋಡಿ ತಂಬಿಗಿ ಕೆಳಗಿಟ್ಟ. ಹೋಗುವಾಗ ಆ ಚೀಟಿ ಬರಿಸಿ ನನ್ನ ಹೆಬ್ಬಟ್ಟು ಒತ್ತಿಸಿದ."

"ಮತ್ತ ತಂಬಿಗಿ ಜಗಲಿಗಿ ಯಾಕ ಏರತು?"

"ದೊಡ್ಡವರು ಕುಡೀದ ಬಿಟ್ಟದ್ದು, ಶಾಪ ಹತ್ತೀತಂತ ನಿಮ್ಮ ಮುತ್ಯಾ ಇಟ್ಟ."

ಶುಭಾಂಗಿಗೆ ನಗುವೂ ಬಂತು, ಸಿಟ್ಟೂ ಬಂತು. "ಅವರು ಕುಡಸ್ರಿ ಅಂದ್ರ ನೀವು ಪೂಜಾ ಮಾಡ್ಕೋತ ಕುಂತ್ರೇನು, ಆಯಿ!"

"ಕುಡಸೂದಕಿಂತ ಪೂಜಾ ಮಾಡೂದು ಸಸಾರ ಇತ್ತು," ಎಂದಳು ಅಜ್ಜಿ.

ಗಿರಣಿಯಿಂದ ನಿವೃತ್ತನಾದ ಧರೆಪ್ಪ ಈಗ ಕುಂಭಾರಿಯಲ್ಲಿ ಮಗಳು ಪ್ರಣಿತಾಳ ಮನೆಯಲ್ಲಿದ್ದ. ಮಂಗಳವಾರ ಅಂಗಡಿಯಿಂದ ಮರಳುವಾಗ ಶುಭಾಂಗಿ ಅಲ್ಲಿ ಇಳಿದು ಎಲ್ಲ ಹೇಳಿದಳು. ಅವನು ಕೆಮ್ಮು ಬರುವತನಕ ನಕ್ಕ.

"ಐವತ್ತು ವರ್ಷ ನಾ ನೀರಡಿಸಿ ಕುಂತೀನಂತ ತಿಳದೀರೇನು? ಮನ್ಯಾಗ ಫ್ರಿಜ್ ಐತವ್ವ!" ನಗು ನಿಂತ ಮೇಲೆ ಹೇಳಿದ: "ನನ್ನ ಸಲುವಾಗಿ ಅವ ನೀರು ಬಿಟ್ಟ. ಖರೆ, ನಿನಗ ಹೆಂಗ ಅನಸ್ತೈತಿ ಅಂತ ಅವನೂ ನನ್ನ ಕೇಳಲಿಲ್ಲ. ಆದ್ರ ಹೊಳ್ಳಿ ಹೋಗುವಾಗ ಚೀಲ ನನಗ ಕೊಡಲಿಲ್ಲ ನೋಡು. ತಾನ ಹೊತ್ತ. ರಸ್ತಾತನಕ ಇಬ್ಬರೂ ಬಾಜೂಕ ಬಾಜೂಕ ನಡದ್ವಿ. ಅದು ನನಗ ನೆನಪೈತಿ."

"ಕಾಕಾ, ನಮ್ಮ ಮನಿಗಿ ಬರ್ತೀರೇನ್ರಿ?"

"ನಿಮ್ಮ ಚೀಟಿ ಮುಗಿಸಾಕ ನಾ ಯಾಕ ಬರಲಿ?"

"ಗೊತ್ತಿಲ್ರಿ," ಎಂದಳು.

"ಮ್ಯಾಲಿಂದ ನೀರು ಹಾಕಿದಾಕಿ ಬಂದು ಕರೀಲಿ. ಆಮ್ಯಾಲ ನೋಡೋಣು."

ಶುಕ್ರವಾರ ಸುಗಲಾಬಾಯಿ ನೋಯುವ ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿದಳು. ಕುಂಭಾರಿಯಲ್ಲಿ ಧರೆಪ್ಪ ನೀರು ತುಂಬಿದ ಒಂದು ಸ್ಟೀಲಿನ ಲೋಟ ಮುಂದಿಟ್ಟ. ಹೊರಗೇರಿಯವರ ಮನೆಯ ನೀರು ಅವಳ ಗಂಟಲಲ್ಲಿ ಎಂದೂ ಇಳಿದಿರಲಿಲ್ಲ. ಅವಳು ಲೋಟ ಎತ್ತಿ, ತುಟಿ ಹಚ್ಚಿ, ಪೂರಾ ಕುಡಿದಳು.

"ಭಾಳ ಸಿಹಿ ಐತಲ್ಲ ನೀರು."

"ಫಿಲ್ಟರ್ ಐತ್ರಿ."

"ಅವತ್ತು ನನ್ನ ಕಡಿಂದ ತಪ್ಪಾತು, ಧರೆಪ್ಪ. ನಾಳಿ ಮನಿಗಿ ಬಾ."

ಅವನು ಬಸ್ಸಿನವರೆಗೆ ಅವಳ ಪಕ್ಕದಲ್ಲೇ ನಡೆದು ಬಂದ.

ಶನಿವಾರ ಬೆಳಿಗ್ಗೆ ಅಜ್ಜಿ ಜಗಲಿಗೆ ಕೈ ಹಾಕಿದಾಗ ಶುಭಾಂಗಿಯ ಅಪ್ಪ ಸಿದ್ದಣ್ಣ ಓಡಿ ಬಂದ. "ಯವ್ವಾ, ಅದು ದೇವರದು!"

"ದೇವರದಲ್ಲೋ. ಧರೆಪ್ಪಂದು."

ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಐವತ್ತು ವರ್ಷದ ಅರಿಸಿನ ಬೇಗ ಬಿಡಲಿಲ್ಲ. ಅಜ್ಜಿ ಸುಸ್ತಾದಾಗ ಶುಭಾಂಗಿ ತಿಕ್ಕಿದಳು. ಬಾಗಿಲಲ್ಲಿ ಗಂಟು ಮುಖ ಹಾಕಿ ನಿಂತಿದ್ದ ಸಿದ್ದಣ್ಣ ಕೊನೆಗೆ, "ತಳ ಹಂಗ ಉಳದೈತಿ, ಕೊಡು ಇಲ್ಲೆ," ಎಂದು ಕಸಿದುಕೊಂಡು ತಾನೇ ತಿಕ್ಕಿದ.

ಮಧ್ಯಾಹ್ನ ಬಿಸಿಲಲ್ಲಿ ಧರೆಪ್ಪ ಬಂದ. ಮೆಟ್ಟಿಲ ಬಳಿ ಒಂದು ಗಳಿಗೆ ನಿಂತ, ಆಮೇಲೆ ಒಳಗೆ ಬಂದು ಕಂಬಳಿಯ ಮೇಲೆ ಕೂತ. ಅಜ್ಜಿ ತಂಬಿಗೆ ತುಂಬಿ ಅವನ ಕೈಗೇ ಕೊಟ್ಟಳು. ಅವನು ಅಂಚಿಗೆ ತುಟಿಯಿಟ್ಟು, ಅವಸರವಿಲ್ಲದೆ, ತಳ ಕಾಣುವವರೆಗೆ ಕುಡಿದ. ಮನೆಯವರೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದರು.

"ಏನು ನೋಡ್ತೀರಿ? ಇನ್ನೊಂದು ತುಂಬ್ರಿ, ಬಿಸಲಾಗ ಬಂದೀನಿ."

ಶುಭಾಂಗಿ ಚೀಟಿ ತಂದಳು. ಹೆಬ್ಬೆಟ್ಟಿನ ಕೆಳಗೆ ಎರಡು ಸಾಲಿನಷ್ಟು ಜಾಗವಿತ್ತು. ಅಜ್ಜಿ ಹೇಳಿದಂತೆ, ರೂಢಿಯಿಲ್ಲದ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ನೆನೆದು ಬರೆದಳು: 'ಧರೆಪ್ಪ ನೀರು ಕುಡಿದ. ಎರಡು ತಂಬಿಗೆ. ತಡವಾಯಿತು.'

"ಚೀಲದ್ದೂ ಬರಿ," ಎಂದ ಧರೆಪ್ಪ. "ತಾನ ಹೊತ್ತ ಅಂತ."

ಅದನ್ನೂ ಅಂಚಿನಲ್ಲಿ ಹಿಡಿಸಿದಳು. ಕೆಳಗೆ ಅಜ್ಜಿಯ ಹೆಬ್ಬೆಟ್ಟು, ಅದರ ಪಕ್ಕ ಧರೆಪ್ಪನ ಸಹಿ. ಚೀಟಿಯ ಎರಡೂ ಮಗ್ಗುಲಿನ ಫೋಟೋ ತೆಗೆದು, ಏಳು ಕಡಲಿನ ಆಚೆಯ ಆ ಊರಿಗೆ ಕಳಿಸಿದಳು.